ಎಣ್ಣೆ, ಚುಜ್ಜಲು, ಸಿಹಿನೀರು: ದುರ್ಗದ ಸೀಮೆಯಲ್ಲಿ ಒಣಕೂದಲಿನ ಆರೈಕೆ

ನೆತ್ತಿಯ ಚರ್ಮವನ್ನು ದಾಟಿ ಹೊರಬಂದ ಕೂದಲಿನ ಎಳೆಗೆ ಜೀವವಿಲ್ಲ. ಚರ್ಮದೊಳಗಿನ ಪುಟ್ಟ ಕುಳಿಯಲ್ಲಿ, ಅಂದರೆ ಕೇಶಕೂಪದಲ್ಲಿ, ಅದರ ಬುಡ ಮಾತ್ರ ಜೀವಂತವಾಗಿರುತ್ತದೆ; ಹೊರಗೆ ಕಾಣುವ ಭಾಗವು ಕೆರಟಿನ್ ಎಂಬ ಪ್ರೋಟೀನಿನಿಂದಾದ ನಾರು, ಅದರೊಳಗೆ ರಕ್ತವೂ ಹರಿಯುವುದಿಲ್ಲ, ನರವೂ ಇಲ್ಲ. ಆದಕಾರಣ ಕುಯ್ದ ಬೆರಳು ಮಾಯುವ ಹಾಗೆ ಸೀಳಿದ ಕೂದಲು ಮಾಯುವುದಿಲ್ಲ, ಒಮ್ಮೆ ಕಿತ್ತುಹೋದ ಅದರ ಹೊರಪದರ ಮತ್ತೆ ಬೆಳೆಯುವುದಿಲ್ಲ, ಯಾವ ಎಣ್ಣೆಯೂ ಯಾವ ಲೇಪವೂ ಅದನ್ನು ನಿಜವಾದ ಅರ್ಥದಲ್ಲಿ ಗುಣಪಡಿಸಲಾರದು. ಅವು ಮಾಡಬಲ್ಲ ಕೆಲಸ, ಇರುವ ಎಳೆಯನ್ನು ಸವೆಯದಂತೆ ಕಾಯುವುದು. ಒಣಗಿ ಒರಟಾದ ಕೂದಲಿನ ಆರೈಕೆಯ ತಿಳಿವಳಿಕೆಯೆಲ್ಲ ಈ ಒಂದು ಸಂಗತಿಯಿಂದಲೇ ಆರಂಭವಾಗಬೇಕು.

ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಈ ಲೆಕ್ಕದಲ್ಲಿ 72 ಸೆಂಟಿಮೀಟರ್ ಉದ್ದದ ಜಡೆಯ ತುದಿಗೆ ಆರು ವರ್ಷ ವಯಸ್ಸಾಗಿರುತ್ತದೆ. ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಶೇಂಗಾ ಹೊಲದಲ್ಲೋ ಹೊಸದುರ್ಗದ ದಾಳಿಂಬೆ ತೋಟದಲ್ಲೋ ದುಡಿಯುವ ಹೆಣ್ಣುಮಗಳ ಜಡೆಯ ತುದಿಯು ಆರು ಬೇಸಿಗೆಗಳ ಬಿಸಿಲನ್ನು, ಆರು ಆಷಾಢಗಳ ಗಾಳಿಯನ್ನು, ವಾರಕ್ಕೊಂದು ತಲೆಸ್ನಾನವೆಂದರೂ ಮುನ್ನೂರಕ್ಕೂ ಹೆಚ್ಚು ಸಲ ಕೊಳವೆಬಾವಿಯ ನೀರನ್ನು ಕಂಡಿರುತ್ತದೆ. ಬುಡದ ಕೂದಲು ನಯವಾಗಿದ್ದು ತುದಿ ಮಾತ್ರ ತೆಂಗಿನ ನಾರಿನಂತಾಗುವುದಕ್ಕೆ ಕಾರಣ ಈ ವಯಸ್ಸಿನ ಅಂತರವೇ.

ಚಿತ್ರದುರ್ಗ ಜಿಲ್ಲೆಯು ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಒಣ ಬಯಲುಸೀಮೆ. ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರ ಅವಧಿಯಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳುವುದಕ್ಕೆ 2022ರವರೆಗೆ, ಅಂದರೆ 89 ವರ್ಷ, ಕಾಯಬೇಕಾಯಿತು ಎಂಬುದೊಂದೇ ಈ ನೆಲದ ನೀರಿನ ಬಡತನವನ್ನು ಹೇಳಲು ಸಾಕು. ಇಲ್ಲಿನ ಗಾಳಿಯ ಬಿರುಸಿಗೆ ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳೇ ಸಾಕ್ಷಿ. ಬಿಸಿಲು, ಗಾಳಿ, ಧೂಳು ಮತ್ತು ಗಡಸು ನೀರು ಒಟ್ಟಿಗೆ ಸೇರಿರುವ ಇಂತಹ ನೆಲದಲ್ಲಿ ಕೂದಲನ್ನು ಕಾಪಾಡಿಕೊಳ್ಳುವ ಕ್ರಮವೊಂದು ತಲೆಮಾರುಗಳಿಂದ ರೂಪುಗೊಂಡಿದೆ. ಆ ಕ್ರಮದ ಒಂದೊಂದು ಹಂತಕ್ಕೂ ಇರುವ ಕಾರಣವನ್ನು ಇಂದಿನ ವಿಜ್ಞಾನದ ಬೆಳಕಿನಲ್ಲಿ ನೋಡುವುದು ಮತ್ತು ಅದರಲ್ಲಿ ಉಳಿಸಿಕೊಳ್ಳಬೇಕಾದದ್ದನ್ನು ಬಿಡಬೇಕಾದದ್ದರಿಂದ ಬೇರ್ಪಡಿಸುವುದು ಈ ಲೇಖನದ ಉದ್ದೇಶ.

ಹಂಚು ಹೊದಿಸಿದ ಎಳೆ

ಕೂದಲಿನ ಎಳೆಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಅದರ ಮೇಲ್ಮೈಯು ಹಂಚು ಹೊದಿಸಿದ ಮಾಡಿನಂತೆ ಕಾಣುತ್ತದೆ. ಒಂದರ ಅಂಚಿನ ಮೇಲೊಂದು ಒರಗಿಕೊಂಡು ಬುಡದಿಂದ ತುದಿಯ ಕಡೆಗೆ ಇಳಿಯುವ ಈ ತೆಳುವಾದ ಬಿಲ್ಲೆಗಳ ಹಲವು ಸುತ್ತುಗಳಿಗೆ ಹೊರಪೊರೆ ಎಂದು ಹೆಸರು. ಅದರೊಳಗೆ ಎಳೆಗೆ ಬಲವನ್ನೂ ಬಣ್ಣವನ್ನೂ ಕೊಡುವ ತಿರುಳು ಇರುತ್ತದೆ. ಹೊರಪೊರೆಯ ಮೇಲೆ ಪ್ರಕೃತಿಯೇ ಹಚ್ಚಿದ ಅತ್ಯಂತ ತೆಳುವಾದ ಕೊಬ್ಬಿನ ಲೇಪವೊಂದಿದ್ದು, ಎಳೆಗಳು ಒಂದಕ್ಕೊಂದು ತೊಡರದೆ ಜಾರುವುದಕ್ಕೂ ನೀರು ಥಟ್ಟನೆ ಒಳನುಗ್ಗದಿರುವುದಕ್ಕೂ ಅದು ಕಾರಣವಾಗಿದೆ. ಬ್ಲೀಚ್, ಕ್ಷಾರಗುಣದ ಬಣ್ಣ, ಅತಿಯಾದ ಬಿಸಿಲು ಈ ಲೇಪವನ್ನು ಕಿತ್ತುಹಾಕುತ್ತವೆ. ಒಮ್ಮೆ ಅದು ಹೋದರೆ ಬಿಲ್ಲೆಗಳ ಅಂಚು ಮೇಲೇಳುತ್ತದೆ, ಎಳೆಗೆ ಎಳೆ ತೊಡರಿ ಸಿಕ್ಕಾಗುತ್ತದೆ, ಬೆಳಕು ಸಮವಾಗಿ ಹೊಮ್ಮದೆ ಕೂದಲು ಮಂಕಾಗುತ್ತದೆ. ಇನ್ನೂ ಮುಂದುವರಿದರೆ ತಿರುಳೇ ಬಯಲಾಗಿ ತುದಿ ಎರಡಾಗಿ ಸೀಳುತ್ತದೆ.

ನೀರಿನೊಂದಿಗೆ ಕೂದಲಿಗಿರುವ ಸಂಬಂಧವೂ ಗಮನಿಸತಕ್ಕದ್ದು. ನೆನೆದ ಕೂದಲು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ನೀರನ್ನು ಹೀರಿಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಉಬ್ಬಿದ ಸ್ಥಿತಿಯಲ್ಲಿ ಬಿಲ್ಲೆಗಳು ಸಡಿಲವಾಗಿರುವುದರಿಂದ ಒದ್ದೆ ಕೂದಲನ್ನು ಬಾಚುವುದು, ಟವೆಲಿನಿಂದ ತಿಕ್ಕುವುದು, ಹಿಂಡಿ ಗಂಟು ಕಟ್ಟುವುದು ಎಲ್ಲವೂ ಹಾನಿಕರ. ಉಬ್ಬುವ ಮತ್ತು ಕುಗ್ಗುವ ಈ ಆಟ ಮತ್ತೆ ಮತ್ತೆ ನಡೆದಷ್ಟೂ ಎಳೆ ದಣಿಯುತ್ತದೆ. ತಲೆಗೆ ನೀರು ಹಾಕಿಕೊಳ್ಳುವ ಮೊದಲು ಎಣ್ಣೆ ಹಚ್ಚುವ ಪದ್ಧತಿಯ ಮರ್ಮ ಇಲ್ಲಿದೆ.

ಗಡಸು ನೀರು ಮತ್ತು ಸಿಹಿನೀರು

ಈ ಸೀಮೆಯ ಮನೆಗಳಲ್ಲಿ ಬಚ್ಚಲಿನ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಹೊಪ್ಪಳೆ ಪರಿಚಿತವಾದದ್ದು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಅಂತರ್ಜಲವು ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಂಡು ಬರುವುದರಿಂದ ಅದಕ್ಕೆ ಗಡಸು ನೀರು ಎಂದು ಹೆಸರು. ಕಾಯಿಸಿದಾಗ ಆ ಲವಣಗಳ ಒಂದು ಭಾಗ ಸುಣ್ಣವಾಗಿ ಹಂಡೆಗೆ ಅಂಟಿಕೊಳ್ಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬ ಅಪೇಕ್ಷಿತ ಮಿತಿಯನ್ನೂ, ಬೇರೆ ನೀರಿಲ್ಲದಿದ್ದಾಗ 600 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನೂ ಹಾಕಿದೆ. ಗರಿಷ್ಠ ಮಿತಿಯಲ್ಲಿರುವ ನೀರಿನ 20 ಲೀಟರನ್ನು ತಲೆಗೆ ಸುರಿದುಕೊಂಡರೆ ಅದರೊಂದಿಗೆ 12 ಗ್ರಾಂ ಸುಣ್ಣಕಲ್ಲಿಗೆ ಸಮನಾದ ಲವಣ ಕೂದಲಿನ ಮೇಲೆ ಹರಿದಂತಾಗುತ್ತದೆ.

ಹರಿದ ಲವಣವೆಲ್ಲ ಕೂದಲಿಗೆ ಅಂಟುವುದಿಲ್ಲ, ಆದರೆ ಹಾಳಾದ ಕೂದಲಿಗೆ ಅಂಟುವ ಪ್ರಮಾಣ ಹೆಚ್ಚು. ಬಿಸಿಲು ಮತ್ತು ರಾಸಾಯನಿಕಗಳಿಂದ ಪೆಟ್ಟು ತಿಂದ ಎಳೆಯ ಮೇಲೆ ಋಣ ವಿದ್ಯುದಂಶದ ತಾಣಗಳು ಹೆಚ್ಚಾಗುತ್ತವೆ, ಧನ ವಿದ್ಯುದಂಶವುಳ್ಳ ಕ್ಯಾಲ್ಸಿಯಂ ಅಲ್ಲಿಗೆ ಬಂದು ಕೂರುತ್ತದೆ. ಇದರ ಮೇಲೆ ಮೈಸೋಪನ್ನು ತಲೆಗೂ ಹಚ್ಚಿಕೊಂಡರೆ ಸೋಪಿನ ಕೊಬ್ಬು ಕ್ಯಾಲ್ಸಿಯಮ್ಮಿನೊಂದಿಗೆ ಸೇರಿ, ನೀರಿನಲ್ಲಿ ಕರಗದ ಅಂಟಾದ ಕಿಟ್ಟವಾಗಿ ಎಳೆಗಳ ನಡುವೆ ಉಳಿಯುತ್ತದೆ. ಎಷ್ಟು ತೊಳೆದರೂ ಕೂದಲು ಜಿಗುಟಾಗಿಯೇ ಇದೆ, ಒಣಗಿದರೆ ಮಾತ್ರ ಕಡ್ಡಿಯಂತೆ ಸೆಟೆಯುತ್ತದೆ ಎಂದು ಈ ಭಾಗದಲ್ಲಿ ಕೇಳಿಬರುವ ದೂರಿನ ಮೂಲ ಬಹುಮಟ್ಟಿಗೆ ಇದೇ.

ಹಿಂದಿನವರು ಮೆದು ನೀರಿನ ಬೆಲೆಯನ್ನು ಅರಿತಿದ್ದರು. ಏಳು ಸುತ್ತಿನ ಕೋಟೆಯಿರುವ ಚಿತ್ರದುರ್ಗದಲ್ಲಿ ಬಂಡೆಗಳ ಮೇಲೆ ಬಿದ್ದ ಮಳೆನೀರು ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ ಮುಂತಾದವುಗಳಲ್ಲಿ ನಿಲ್ಲುವಂತೆ ಮಾಡಿದ್ದರು. ಪೇಟೆಯ ಹೊಂಡವೊಂದಕ್ಕೆ ಸಿಹಿನೀರು ಹೊಂಡ ಎಂಬ ಹೆಸರೇ ಉಳಿದಿದೆ. ಕನ್ನಡದಲ್ಲಿ ಸಿಹಿನೀರು ಎಂದರೆ ಸಕ್ಕರೆಯ ಸಿಹಿಯಲ್ಲ, ಸವಳಿಲ್ಲದ ಗುಣ. ಆಗಸದಿಂದ ಬಿದ್ದ ನೀರು ಮಣ್ಣಿನ ಲವಣವನ್ನು ಮುಟ್ಟುವ ಮೊದಲೇ ಸಂಗ್ರಹವಾದರೆ ಅದರಲ್ಲಿ ಗಡಸುತನ ಇಲ್ಲವೆಂಬಷ್ಟು ಕಡಿಮೆ, ಬೇಳೆ ಬೇಯುವುದಕ್ಕೂ ತಲೆ ತೊಳೆಯುವುದಕ್ಕೂ ಅದೇ ಶ್ರೇಷ್ಠ.

ಮೊದಲು ಎಣ್ಣೆ

ದುರ್ಗದ ಕೋಟೆಯೊಳಗೆ ಎಣ್ಣೆಯನ್ನು ತುಂಬಿಡುತ್ತಿದ್ದ ಎಣ್ಣೆಕೊಳಗಳನ್ನು ಇಂದಿಗೂ ನೋಡಬಹುದು. ಎಣ್ಣೆಕಾಳುಗಳ ಈ ಸೀಮೆಯಲ್ಲಿ ಶೇಂಗಾ ಹೊಲದ ಅಂಚಿಗೆ ಹರಳು, ರಾಗಿ ಹೊಲದ ಸಾಲಿನಲ್ಲಿ ಹುಚ್ಚೆಳ್ಳು, ಹೊಸದುರ್ಗ, ಹೊಳಲ್ಕೆರೆ ಮತ್ತು ಹಿರಿಯೂರಿನ ತೋಟಗಳಲ್ಲಿ ತೆಂಗು ಬೆಳೆಯುತ್ತ ಬಂದಿವೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಮರುದಿನದ ನಸುಕಿನಲ್ಲಿ ಮತ್ತು ಯುಗಾದಿಯಂದು ಮನೆಮಂದಿಯೆಲ್ಲ ಎಣ್ಣೆ ನೀರು ಹಾಕಿಕೊಳ್ಳುವುದು ಈ ಸಮೃದ್ಧಿಯ ಹಬ್ಬದ ರೂಪ. ಇದರ ಬರಹದ ಪರಂಪರೆಯೂ ಹಳೆಯದು: ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವು ಸ್ನಾನವನ್ನು ಒಂದು ಭೋಗವೆಂದೇ ಎಣಿಸಿ ಪರಿಮಳದ ಎಣ್ಣೆ ಹಚ್ಚುವುದನ್ನೂ ಆ ಜಿಡ್ಡನ್ನು ತೆಗೆಯುವ ಲೇಪಗಳನ್ನೂ ವಿವರಿಸುತ್ತದೆ.

ಎಲ್ಲ ಎಣ್ಣೆಗಳೂ ಕೂದಲಿನ ಮೇಲೆ ಒಂದೇ ಬಗೆಯಲ್ಲಿ ಕೆಲಸ ಮಾಡುವುದಿಲ್ಲ. ಕೊಬ್ಬರಿ ಎಣ್ಣೆಯ ಸರಿಸುಮಾರು ಅರ್ಧ ಭಾಗ ಲಾರಿಕ್ ಆಮ್ಲವೆಂಬ ಕೊಬ್ಬು. ಅದರ ಅಣು ಚಿಕ್ಕದಾಗಿಯೂ ನೇರವಾಗಿಯೂ ಇರುವುದರಿಂದ ಹೊರಪೊರೆಯನ್ನು ದಾಟಿ ತಿರುಳಿನೊಳಗೆ ಸೇರಬಲ್ಲದು. ಮುಂಬೈಯ ಸಂಶೋಧಕರಾದ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿದಾಗ, ತೊಳೆಯುವ ವೇಳೆ ಕೂದಲಿನಿಂದ ಪ್ರೋಟೀನು ಸೋರುವುದನ್ನು ಕೊಬ್ಬರಿ ಎಣ್ಣೆಯೊಂದೇ ಗಣನೀಯವಾಗಿ ತಗ್ಗಿಸಿತು. ಆ ಸಂಶೋಧನೆ ಕೇಶತೈಲ ಮಾರುವ ಕಂಪನಿಯೊಂದರ ಪ್ರಯೋಗಾಲಯದಲ್ಲಿ ನಡೆದದ್ದೆಂಬುದನ್ನೂ ಓದುಗರು ತಿಳಿದಿರಬೇಕು. ಆದರೆ ಎಣ್ಣೆ ಒಳಸೇರಿದ ಎಳೆಗೆ ನೀರು ಕಡಿಮೆ ಇಳಿಯುತ್ತದೆ, ಉಬ್ಬು ತಗ್ಗುತ್ತದೆ ಎಂಬ ಅದರ ಹಿಂದಿನ ತರ್ಕ ಸರಳವೂ ಗಟ್ಟಿಯೂ ಆಗಿದೆ.

ಹರಳೆಣ್ಣೆಯ ಗುಣ ಬೇರೆ. ಅದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟಿರುವ ರಿಸಿನೊಲಿಕ್ ಆಮ್ಲವು ಅದನ್ನು ಜೇನಿನಂತೆ ಮಂದವಾಗಿಸುವುದರಿಂದ ಅದು ಮೇಲ್ಮೈಯಲ್ಲಿ ದಪ್ಪನೆಯ ಪೊರೆಯಾಗಿ ನಿಲ್ಲುತ್ತದೆ, ಸೀಳಿದ ತುದಿಗಳಿಗೆ ಹನಿಯಷ್ಟು ಸವರಿದರೆ ಗಾಳಿಗೆ ಹರಡದಂತೆ ಹಿಡಿದಿಡುತ್ತದೆ. ಆದರೆ ಉದ್ದ ಕೂದಲಿಗೆ ಬರಿಯ ಹರಳೆಣ್ಣೆಯನ್ನು ಧಾರಾಳವಾಗಿ ಸುರಿದು ತಿಕ್ಕಿ ತೊಳೆದಾಗ ಕೂದಲು ಬಿಡಿಸಲಾಗದ ಮುದ್ದೆಯಾಗಿ, ಕತ್ತರಿಸದೆ ವಿಧಿಯಿಲ್ಲದಂತಾದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಅದನ್ನು ನಾಲ್ಕೈದು ಪಾಲು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಬಳಸುವುದೇ ಕ್ಷೇಮ. ಗರುಗದ ಸೊಪ್ಪು, ಹೊನಗೊನ್ನೆ ಸೊಪ್ಪು, ಕರಿಬೇವು, ನೆಲ್ಲಿಕಾಯಿಗಳನ್ನು ಹಾಕಿ ಕಾಯಿಸಿದ ಎಣ್ಣೆಗಳು ಮನೆಮನೆಯಲ್ಲೂ ಇವೆ. ಅವುಗಳ ಪರಿಮಳ ಮತ್ತು ಹಚ್ಚುವಾಗಿನ ಮಾಲೀಸಿನ ಹಿತ ನಿಜವಾದವು. ಅವು ಬಕ್ಕತಲೆಯಲ್ಲಿ ಕೂದಲು ಹುಟ್ಟಿಸುತ್ತವೆ ಎಂಬ ಮಾತಿಗೆ ಮಾತ್ರ ಗಟ್ಟಿಯಾದ ಆಧಾರವಿಲ್ಲ. ಎಣ್ಣೆ ಕೂದಲಿಗೆ ಆಹಾರವಲ್ಲ, ಹೊದಿಕೆ.

ಹೊದಿಕೆಗೂ ಮಿತಿಯಿದೆ. ನೆತ್ತಿಯಲ್ಲಿ ಹೊಟ್ಟು ಏಳುವವರ ಚರ್ಮದ ಮೇಲೆ ವಾಸಿಸುವ ಮಲಸೇಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರವು ಎಣ್ಣೆಯ ಕೊಬ್ಬನ್ನೇ ಉಂಡು ಬೆಳೆಯುವುದರಿಂದ, ಅಂಥವರು ನೆತ್ತಿಗೆ ರಾತ್ರಿಯಿಡೀ ಎಣ್ಣೆ ಬಿಡುವುದು ತರವಲ್ಲ. ಕಿವಿಯ ಕೆಳಗಿನ ಉದ್ದಕ್ಕೆ ಮಾತ್ರ ಹಚ್ಚಿ ಒಂದೆರಡು ಗಂಟೆಯಲ್ಲಿ ತೊಳೆದರೆ ಸಾಕು.

ಚುಜ್ಜಲು: ಕುರುಚಲು ಕಾಡಿನ ಕೊಡುಗೆ

ತಲೆ ತೊಳೆಯುವ ಸಾಂಪ್ರದಾಯಿಕ ವಸ್ತುಗಳೆಂದರೆ ಸೀಗೆಕಾಯಿ ಮತ್ತು ಅಂಟುವಾಳದ ಹೆಸರು ಮೊದಲು ಬರುತ್ತದೆ. ಆದರೆ ಮುಳ್ಳಿನ ದೊಡ್ಡ ಬಳ್ಳಿಯಾದ ಸೀಗೆ ಹೆಚ್ಚು ಮಳೆಯ ಕಾಡುಗಳಲ್ಲಿ ಸೊಂಪಾಗಿ ಬೆಳೆಯುವಂಥದ್ದು. ಒಣ ಸೀಮೆ ತನ್ನ ನೆಲದಲ್ಲೇ ಕಂಡುಕೊಂಡ ಉತ್ತರ ಚುಜ್ಜಲು. ತುಗ್ಲಿ, ಚಿಗರೆ ಎಂದೂ ಕರೆಯಲಾಗುವ, ಸಸ್ಯಶಾಸ್ತ್ರದಲ್ಲಿ ಆಲ್ಬಿಜಿಯ ಅಮಾರ ಎಂಬ ಹೆಸರಿನ ಈ ಮರವು ದಖ್ಖನಿನ ಕುರುಚಲು ಕಾಡುಗಳ ಹುಟ್ಟು ನಿವಾಸಿ. ಹುಣಸೆಯ ಎಲೆಗಿಂತಲೂ ಸಣ್ಣದಾದ, ಗರಿಯಂತೆ ಜೋಡಿಸಿದ ಎಲೆಗಳನ್ನು ಹೊತ್ತು, ಕಲ್ಲುನೆಲದಲ್ಲೂ ಅಲ್ಪ ಮಳೆಯಲ್ಲೂ ಅದು ಬದುಕುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ. ತಮಿಳುನಾಡಿನಲ್ಲಿ ಇದರ ಎಲೆಯ ಪುಡಿಗೆ ಅರಪ್ಪು ಎಂಬ ಹೆಸರಿದ್ದು, ಅಲ್ಲಿಯೂ ಎಣ್ಣೆಸ್ನಾನದ ಸಂಗಾತಿ ಇದೇ.

ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಕುಟ್ಟಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು ಮಾಡುವ ಹಸಿರು ಪುಡಿಯನ್ನು ನೀರಿನಲ್ಲಿ ಕಲಸಿದರೆ ಲೋಳೆಯೂ ಸಣ್ಣ ನೊರೆಯೂ ಒಟ್ಟಿಗೆ ಬರುತ್ತವೆ. ನೊರೆಗೆ ಕಾರಣ ಸಪೋನಿನ್ ಎಂಬ ಸಸ್ಯಜನ್ಯ ವಸ್ತು. ಅದರ ಅಣುವಿನ ಒಂದು ತುದಿ ಜಿಡ್ಡನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುವುದರಿಂದ ಜಿಡ್ಡು ನೀರಿನೊಂದಿಗೆ ಹರಿದುಹೋಗುತ್ತದೆ. ಸಪೋನಿನ್ ಸೋಪಲ್ಲವಾದ್ದರಿಂದ ಗಡಸು ನೀರಿನಲ್ಲಿ ಸೋಪಿನಂತೆ ಕಿಟ್ಟ ಕಟ್ಟುವುದಿಲ್ಲ, ಕೊಳವೆಬಾವಿಯ ನೀರಿನ ಊರುಗಳಿಗೆ ಈ ಗುಣ ಬಹು ದೊಡ್ಡದು. ಜೊತೆಗಿರುವ ಲೋಳೆಯು ಎಳೆಗಳ ನಡುವೆ ಜಾರುವ ಪದರವಾಗಿ ನಿಂತು ತಿಕ್ಕಾಟವನ್ನು ಕಡಿಮೆ ಮಾಡುತ್ತದೆ. ಹೀಗೆ ತೊಳೆಯುವ ಮತ್ತು ನಯಗೊಳಿಸುವ ಎರಡು ಕೆಲಸಗಳೂ ಒಂದೇ ಸೊಪ್ಪಿನಲ್ಲಿ ಸೇರಿರುವುದೇ ಒಣಕೂದಲಿನವರಿಗೆ ಚುಜ್ಜಲು ಒಗ್ಗುವುದಕ್ಕೆ ಕಾರಣ.

ಬಳಸುವಾಗ ಎಚ್ಚರವೂ ಬೇಕು. ಪುಡಿ ಮೂಗಿಗೆ ಹೋದರೆ ಸೀನು ಬರುತ್ತದೆ, ಕಣ್ಣಿಗೆ ಬಿದ್ದರೆ ಉರಿಯುತ್ತದೆ. ದಪ್ಪ ಪುಡಿಯಾದರೆ ಕಣಗಳು ಕೂದಲಿನಲ್ಲಿ ಉಳಿದು ತಿಕ್ಕಿದಾಗ ಮರಳಿನಂತೆ ಹೊರಪೊರೆಯನ್ನೇ ಉಜ್ಜುತ್ತವೆ. ಮೂರು ನಾಲ್ಕು ಚಮಚ ಪುಡಿಯನ್ನು ಅರ್ಧ ಗಂಟೆ ನೆನೆಸಿ, ಬಟ್ಟೆಯಲ್ಲಿ ಸೋಸಿ, ತಿಳಿಯಾದ ಲೋಳೆಯನ್ನು ಮಾತ್ರ ನೆತ್ತಿಗೆ ಹಾಕಿ ಬೆರಳಿನಿಂದ ಮೆಲ್ಲಗೆ ಆಡಿಸುವುದು ಉತ್ತಮ. ಸೀಗೆ ಮತ್ತು ಅಂಟುವಾಳಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಂಟುವಾಳ ಹೆಚ್ಚು ಚುರುಕಾದ್ದರಿಂದ ಒಣಕೂದಲಿಗೆ ಅದನ್ನು ಒಂಟಿಯಾಗಿ ಬಳಸದಿರುವುದು ಲೇಸು.

ಲೋಳೆಯ ಲೇಪಗಳು

ತೊಳೆದ ಮೇಲೆ ಕೂದಲನ್ನು ನಯಗೊಳಿಸುವ ಕ್ರಿಯೆಗೆ ಕಂಡಿಷನಿಂಗ್ ಎಂಬ ಹೆಸರು ಈಗ ಹಳ್ಳಿಗಳಲ್ಲೂ ಬಳಕೆಗೆ ಬಂದಿದೆ. ಮೇಲೆದ್ದ ಬಿಲ್ಲೆಗಳ ನಡುವಿನ ಸಂದನ್ನು ತುಂಬುವುದು, ಎಳೆಯ ಮೇಲೆ ತೆಳುವಾದ ಪೊರೆ ಹಾಸುವುದು, ತಿಕ್ಕಾಟವನ್ನು ತಗ್ಗಿಸುವುದು ಅದರ ಸಾರ. ಹಿತ್ತಿಲಿನ ಸಸ್ಯಗಳಲ್ಲಿ ಈ ಕೆಲಸಕ್ಕೆ ಒದಗುವುದು ಲೋಳೆ, ಅಂದರೆ ನೀರನ್ನು ಹಿಡಿದಿಟ್ಟುಕೊಳ್ಳುವ ಉದ್ದುದ್ದ ಸಕ್ಕರೆಯ ಸರಪಳಿಗಳು.

ದಾಸವಾಳದ ಎಲೆಯನ್ನು ನೀರಿನಲ್ಲಿ ಹಿಸುಕಿ ಸೋಸಿದ ಲೋಳೆ ಇವುಗಳಲ್ಲಿ ಸುಲಭವಾದದ್ದು. ಮೆಂತ್ಯದ ಕಾಳನ್ನು ರಾತ್ರಿ ನೆನೆಸಿ ನುಣ್ಣಗೆ ರುಬ್ಬಿದರೆ ಅದರಲ್ಲಿರುವ ಗ್ಯಾಲಕ್ಟೊಮನ್ನಾನ್ ಎಂಬ ಲೋಳೆಯ ಜೊತೆಗೆ ಸ್ವಲ್ಪ ಪ್ರೋಟೀನೂ ಸಿಗುತ್ತದೆ. ತರಿ ಉಳಿಯದಂತೆ ಸೋಸುವ ತಾಳ್ಮೆ ಮಾತ್ರ ಬೇಕು. ಬೇಲಿಯಲ್ಲಿ ಹಬ್ಬುವ ದಾಗಡಿ ಬಳ್ಳಿಯ ಎಲೆಯನ್ನು ನೀರಿನಲ್ಲಿ ಹಿಂಡಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಆ ನೀರು ಹಸಿರು ಗಿಣ್ಣಿನಂತೆ ಹೆಪ್ಪುಗಟ್ಟುತ್ತದೆ. ಲೋಳೆಸರದ ತಿರುಳಿನಲ್ಲಿ ಬಹುಪಾಲು ನೀರೇ ಇದ್ದು, ಕತ್ತರಿಸಿದಾಗ ಮೊದಲು ಒಸರುವ ಹಳದಿ ರಸ ಚರ್ಮವನ್ನು ಕೆರಳಿಸಬಲ್ಲದಾದ್ದರಿಂದ ಅದನ್ನು ಬಸಿದು ತೆಗೆದ ಮೇಲಷ್ಟೇ ತಿರುಳನ್ನು ಬಳಸಬೇಕು. ಅನ್ನ ಬಸಿದ ಗಂಜಿಯ ತಿಳಿಯೂ ಪಿಷ್ಟದ ತೆಳುಪೊರೆ ಕೊಡುತ್ತದೆ. ಮಂದವಾದರೆ ಗಂಜಿ ಹಾಕಿದ ಸೀರೆಯಂತೆ ಕೂದಲನ್ನು ಸೆಟೆಸುತ್ತದೆ. ಮೊಟ್ಟೆಯ ಹಳದಿಯಲ್ಲಿರುವ ಕೊಬ್ಬು ನಯಕ್ಕೆ ನೆರವಾಗುತ್ತದೆ, ಆದರೆ ಅದರ ಪ್ರೋಟೀನಿನ ಅಣು ದೊಡ್ಡದಾದ್ದರಿಂದ ಎಳೆಯೊಳಗೆ ಸೇರಿ ಬಲ ಕೊಡುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಮದರಂಗಿಯ ವಿಚಾರವನ್ನು ಬೇರೆಯಾಗಿ ಹೇಳಬೇಕು. ಅದರ ಬಣ್ಣದ ಅಂಶವಾದ ಲಾಸೋನ್ ಕೆರಟಿನ್ನಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ಎಳೆ ದಪ್ಪವಾದಂತೆ ತೋರುತ್ತದೆ, ಪದೇಪದೇ ಹಚ್ಚಿದರೆ ಒಣಕೂದಲು ಮತ್ತಷ್ಟು ಬಿರುಸಾಗುತ್ತದೆ. ಅಪ್ಪಟ ಮದರಂಗಿಯ ಬಣ್ಣ ಕೆಂಗಂದು. ಕಡುಗಪ್ಪು ಬಣ್ಣ ಕೊಡುವ ಮದರಂಗಿ ಎಂದು ಮಾರುವ ಪೊಟ್ಟಣಗಳಲ್ಲಿ ಪ್ಯಾರಾ ಫಿನಿಲೀನ್ ಡೈಅಮೈನ್ ಎಂಬ ರಾಸಾಯನಿಕ ಸೇರಿರುವುದುಂಟು. ಅದು ಕೆಲವರ ನೆತ್ತಿ ಮತ್ತು ಮುಖವನ್ನು ತೀವ್ರವಾಗಿ ಊದಿಸುವ ಅಲರ್ಜಿಗೆ ಕಾರಣವಾಗುತ್ತದೆ.

ಕೊನೆಯ ಚೊಂಬಿನ ಹುಳಿ

ಕೂದಲಿಗೂ ನೆತ್ತಿಗೂ ಹಿತವಾದದ್ದು ತುಸು ಹುಳಿಯ ವಾತಾವರಣ. ಆಮ್ಲ ಮತ್ತು ಕ್ಷಾರಗಳನ್ನು ಅಳೆಯುವ ಪಿಎಚ್ ಮಾನದಲ್ಲಿ ತಟಸ್ಥ ನೀರು 7 ಆದರೆ ನೆತ್ತಿಯ ಚರ್ಮ ಸುಮಾರು 5.5, ಮೈಸೋಪಿನ ನೊರೆ 9ರಿಂದ 10ರವರೆಗೆ ಏರುತ್ತದೆ. ಕ್ಷಾರದಲ್ಲಿ ಬಿಲ್ಲೆಗಳು ಬಾಯಿ ಬಿಡುತ್ತವೆ, ಹುಳಿಯಲ್ಲಿ ಒರಗಿ ಮುಚ್ಚಿಕೊಳ್ಳುತ್ತವೆ. ಸೀಗೆಯ ನೀರು ತಾನೇ ಸ್ವಲ್ಪ ಹುಳಿಯಾದದ್ದು. ತಲೆಗೆ ಮಜ್ಜಿಗೆ ಹಾಕಿಕೊಳ್ಳುವ, ನೆಲ್ಲಿಚೆಟ್ಟು ನೆನೆಸಿದ ನೀರಿನಲ್ಲಿ ಜಾಲಿಸುವ, ನಿಂಬೆರಸ ಬೆರೆಸುವ ರೂಢಿಗಳೆಲ್ಲವೂ ಈ ನಿಯಮಕ್ಕೆ ಹೊಂದುತ್ತವೆ, ಜೊತೆಗೆ ಆಮ್ಲವು ಎಳೆಗೆ ಅಂಟಿದ ಕ್ಯಾಲ್ಸಿಯಮ್ಮಿನ ಒಂದಂಶವನ್ನೂ ಬಿಡಿಸುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಮಚ ನಿಂಬೆರಸ ಸಾಕು. ನಿಂಬೆರಸವನ್ನು ಹಾಗೆಯೇ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುವ ಅಪಾಯವಿರುವುದರಿಂದ, ಆಮೇಲೆ ಒಂದು ಚೊಂಬು ಬರಿಯ ಮೆದು ನೀರು ಸುರಿದುಕೊಳ್ಳುವುದು ಕಡ್ಡಾಯ.

ಪೊಟ್ಟಣ, ಬಾಟಲಿ ಮತ್ತು ಪಾರ್ಲರು

ಶಾಂಪೂ ಎಂಬ ಪದವೇ ಭಾರತದಿಂದ ಹೋದದ್ದು. ಒತ್ತು, ಹಿಸುಕು ಎಂಬ ಅರ್ಥದ ಹಿಂದಿಯ ಚಾಂಪೋ ಅದರ ಮೂಲ. ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮದ್ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ನಡೆಸಿದ ಸ್ನಾನಗೃಹದಿಂದ ಮಾಲೀಸಿನ ಆ ಪದ ಅಲ್ಲಿ ಜನಪ್ರಿಯವಾಗಿ, ಕ್ರಮೇಣ ತಲೆ ತೊಳೆಯುವ ದ್ರವಕ್ಕೆ ಅಂಟಿಕೊಂಡಿತು. 1980ರ ದಶಕದಿಂದ ಸಣ್ಣ ಪೊಟ್ಟಣಗಳಲ್ಲಿ ಬಂದ ಶಾಂಪೂ ಹಳ್ಳಿಯ ಗೂಡಂಗಡಿಯನ್ನೂ ತಲುಪಿ, ಸೊಪ್ಪು ಒಣಗಿಸಿ ಕುಟ್ಟುವ ಹೆಂಗಸರ ಶ್ರಮವನ್ನು ಹಗುರಗೊಳಿಸಿತು. ಈ ಉಪಕಾರವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಶಾಂಪೂ ಗಡಸು ನೀರಿನಲ್ಲಿ ಸೋಪಿಗಿಂತ ಮೇಲು. ಅಂಗಡಿಯ ಕಂಡಿಷನರಿನಲ್ಲಿರುವ ಧನ ವಿದ್ಯುದಂಶದ ಅಣುಗಳು ಹಾಳಾದ ಎಳೆಯ ಋಣ ತಾಣಗಳನ್ನೇ ಹುಡುಕಿ ಕೂರುವುದರಿಂದ ಅದು ತುದಿಗಳಿಗೆ ಯಾವ ಲೋಳೆಗೂ ಕಡಿಮೆಯಿಲ್ಲದಂತೆ ಒದಗುತ್ತದೆ. ಶಾಂಪೂವನ್ನು ನೀರಿನಲ್ಲಿ ಕದಡಿ ನೆತ್ತಿಗೆ ಮಾತ್ರ, ಕಂಡಿಷನರನ್ನು ತುದಿಗೆ ಮಾತ್ರ ಹಚ್ಚುವುದು ಸರಿಯಾದ ಬಳಕೆ.

ನಿಜವಾದ ಎಚ್ಚರಿಕೆ ಬೇಕಾದದ್ದು ಒರಟು ಕೂದಲನ್ನು ತಿಂಗಳುಗಟ್ಟಲೆ ನೇರವಾಗಿ, ರೇಷ್ಮೆಯಂತೆ ಇರಿಸುವ ಪಾರ್ಲರಿನ ಚಿಕಿತ್ಸೆಗಳ ಬಗ್ಗೆ. ಕೆರಟಿನ್ ಚಿಕಿತ್ಸೆ ಎಂಬ ಹೆಸರಿದ್ದರೂ ಅವುಗಳಲ್ಲಿ ಹಲವು ಬಿಸಿ ಇಸ್ತ್ರಿಯ ಅಡಿಯಲ್ಲಿ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಆ ಅನಿಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅದರ ಬದಲಿಗೆಂದು ಬಂದ ಗ್ಲೈಆಕ್ಸಿಲಿಕ್ ಆಮ್ಲವು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದೆಂಬ ವರದಿ 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮದುವೆಯ ಒಂದು ದಿನದ ಚೆಲುವಿಗೆ ಇಷ್ಟು ಬೆಲೆ ತೆರುವ ಅಗತ್ಯವಿಲ್ಲ.

ಒಳಗಿನ ಕಾರಣಗಳು

ಎಲ್ಲ ಒಣಕೂದಲೂ ಹೊರಗಿನ ಕಾರಣದಿಂದಲೇ ಆದದ್ದಲ್ಲ. ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾದಾಗ ಕೂದಲು ಒಣಗಿ ಬಿರುಸಾಗುತ್ತದೆ, ಕಬ್ಬಿಣಾಂಶದ ಕೊರತೆಯಿಂದ ಉದುರುತ್ತದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥವರ ತಲೆಗೆ ದಾಸವಾಳ ಹಚ್ಚಿ ಹೊಟ್ಟೆಯನ್ನು ಮರೆತರೆ ಫಲವಿಲ್ಲ. ರಾಗಿ, ಹುರುಳಿ, ಶೇಂಗಾ, ನುಗ್ಗೆಸೊಪ್ಪುಗಳ ಊಟ ಬುಡದ ಜೀವಂತ ಕೂಪಕ್ಕೆ ನಿಜವಾದ ಗೊಬ್ಬರ. ಸುಸ್ತು, ತೂಕದ ಏರಿಳಿತ, ಮುಟ್ಟಿನ ವ್ಯತ್ಯಾಸಗಳೊಂದಿಗೆ ಕೂದಲು ಕೆಟ್ಟಾಗ ಮೊದಲು ಹೋಗಬೇಕಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಶಾಲೆಗೆ ಹೋಗುವ ಹುಡುಗಿಯರ ಎರಡು ಜಡೆಗಳನ್ನು ಹಣೆಯ ಚರ್ಮ ಎಳೆಯುವಷ್ಟು ಬಿಗಿಯಾಗಿ ಕಟ್ಟುವ ಅಭ್ಯಾಸವೂ ನಿಲ್ಲಬೇಕು. ವರ್ಷಗಟ್ಟಲೆ ಎಳೆತಕ್ಕೆ ಸಿಕ್ಕ ಹಣೆಯಂಚಿನ ಕೂಪಗಳು ಕೊನೆಗೆ ಕೂದಲು ಕೊಡುವುದನ್ನೇ ಬಿಡುತ್ತವೆ.

ವಾರದ ಕ್ರಮ

ಇಷ್ಟನ್ನೂ ಸೇರಿಸಿ ಈ ಸೀಮೆಗೆ ಹೊಂದುವ ಕ್ರಮವೊಂದನ್ನು ಹೀಗೆ ಹೇಳಬಹುದು. ವಾರಕ್ಕೊಮ್ಮೆ ಅಥವಾ ಎರಡು ಸಲ ಮಾತ್ರ ತಲೆಸ್ನಾನ. ಅದಕ್ಕೆ ಒಂದೆರಡು ಗಂಟೆ ಮೊದಲು ಒಣಗಿದ ಕೂದಲಿನ ಸಿಕ್ಕನ್ನು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸಿ, ಎರಡು ಮೂರು ಚಮಚ ಕೊಬ್ಬರಿ ಎಣ್ಣೆಯನ್ನು ಮುಖ್ಯವಾಗಿ ಕೆಳಗಿನ ಅರ್ಧಕ್ಕೆ ಹಚ್ಚುವುದು. ಕುದಿಸಿ, ತಣಿಸಿ, ತಿಳಿಯನ್ನು ಬಸಿದ ನೀರಿನಲ್ಲಿ, ಸೋಸಿದ ಚುಜ್ಜಲು ಅಥವಾ ಸೀಗೆಯಿಂದ ನೆತ್ತಿಯನ್ನು ತೊಳೆಯುವುದು. ಕುದಿಯುವಾಗ ಸುಣ್ಣದ ಒಂದು ಭಾಗ ತಳಕ್ಕೆ ಇಳಿಯುವುದರಿಂದ ಆ ನೀರು ತುಸು ಮೆದುವಾಗಿರುತ್ತದೆ. ತುದಿಗಳಿಗೆ ದಾಸವಾಳ ಅಥವಾ ಮೆಂತ್ಯದ ಲೋಳೆ ಹಚ್ಚಿ ಹತ್ತು ನಿಮಿಷ ಬಿಟ್ಟು ಜಾಲಿಸಿ, ಹುಳಿನೀರು ಸುರಿದು, ಕೊನೆಗೆ ಮಳೆನೀರು ಅಥವಾ ಶುದ್ಧ ನೀರಿನ ಘಟಕದ ನೀರನ್ನು ಒಂದೆರಡು ಚೊಂಬು ಹಾಕಿಕೊಳ್ಳುವುದು. ಹಳೆಯ ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಮುಕ್ಕಾಲು ಒಣಗಿದ ಮೇಲೆ ಒಂದು ಹನಿ ಎಣ್ಣೆಯನ್ನು ತುದಿಗೆ ಸವರಿ ಸಡಿಲವಾಗಿ ಹೆಣೆಯುವುದು. ಸೀಳಿದ ತುದಿಯನ್ನು ಎರಡು ಮೂರು ತಿಂಗಳಿಗೊಮ್ಮೆ ಬೆರಳಿನಗಲ ಕತ್ತರಿಸುವುದೂ ಚಿಕಿತ್ಸೆಯೇ, ಏಕೆಂದರೆ ಸೀಳು ಮೇಲಕ್ಕೆ ಹಬ್ಬುತ್ತದೆ. ಹೊಲಕ್ಕೆ ಹೋಗುವಾಗ ತಲೆಯ ಮೇಲೆಳೆದುಕೊಳ್ಳುವ ಸೆರಗು ಮತ್ತು ಸುತ್ತುವ ರುಮಾಲು ಈ ಬಿಸಿಲು ಗಾಳಿಗೆ ಯಾವ ಲೇಪಕ್ಕಿಂತಲೂ ಮಿಗಿಲಾದ ರಕ್ಷಣೆ.

ಹೊಳಲ್ಕೆರೆಯ ಬಯಲು ಗಣಪನ ಬೃಹತ್ ವಿಗ್ರಹವನ್ನು ಹಿಂದಿನಿಂದ ನೋಡಿದವರಿಗೆ ಬೆನ್ನ ಮೇಲೆ ಇಳಿಬಿದ್ದ ಜಡೆ ಕಾಣುತ್ತದೆ. ಕಲ್ಲಿನ ಆ ಜಡೆ ಬಿಸಿಲಿಗೂ ಗಾಳಿಗೂ ಮೈಯೊಡ್ಡಿ ನಿಲ್ಲಬಲ್ಲದು. ನಾರಿನ ಜಡೆಗೆ ಮನುಷ್ಯರ ಕೈ ಬೇಕು, ಆ ಕೈಗೆ ನೆಲದ ನೆರವು ಬೇಕು. ಮೊದಲು ಮಳೆನೀರಿನ ಲೆಕ್ಕ: ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಚದರ ಮೀಟರ್ ಸೂರಿಗೆ 50 ಮಿಲಿಮೀಟರ್ ಮಳೆಯಾದರೆ 500 ಲೀಟರಿನ ಪೀಪಾಯಿ ತುಂಬುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಬೆಳಕೂ ಸೊಳ್ಳೆಯೂ ಹೋಗದಂತೆ ಬಾಯಿ ಮುಚ್ಚಿದರೆ, ನಾಲ್ಕು ಜನರ ಮನೆಯಲ್ಲಿ ತಲೆಗೆ ಐದು ಲೀಟರಿನಂತೆ ವಾರಕ್ಕೊಮ್ಮೆ ಬಳಸಿದರೂ ಹಿಂಗಾರಿನ ಕೊನೆಗೆ ತುಂಬಿದ ಆ ನೀರು ಯುಗಾದಿಯ ಎಣ್ಣೆಸ್ನಾನದವರೆಗೆ ಬಾಳುತ್ತದೆ. ಚುಜ್ಜಲಿಗೂ ಇಂಥದೇ ಲೆಕ್ಕ: ರೆಂಬೆ ಕಡಿಯದೆ ಎಲೆ ಬಿಡಿಸಿದರೆ ಮರ ಉಳಿಯುತ್ತದೆ, ಹೊಲದ ಬದುವಿನಲ್ಲಿ ಒಂದು ಸಸಿ ನೆಟ್ಟರೆ ಒಂದು ಮನೆಗೆ ಸಾಕು. ಕುರುಚಲು ಕಾಡೆಂದರೆ ಬೀಳುಭೂಮಿ ಎಂದು ಎಣಿಸುವ ಕಾಲದಲ್ಲಿ ಆ ಸಸಿಯನ್ನು ನೆಡುವುದು ಕೂದಲಿನ ಆರೈಕೆಯ ಮೊದಲ ಹೆಜ್ಜೆಯೆಂದೇ ತಿಳಿಯಬೇಕು.